ಹೊಸ ನೀರು ಬಿಡಬೇಡ ಕಣವ್ವ

ಡಿಸೆಂಬರ್ ಮೊದಲ ವಾರ. ನಡುಮನೆಯ ರೇಡಿಯೇಟರ್ ಮೇಲ್ಭಾಗ ಮುಟ್ಟಿದರೆ ಕೈ ಸುಡುತ್ತಿತ್ತು. ಕೆಳಗೆ ಮುಟ್ಟಿದರೆ ಗೋಡೆಯಷ್ಟೇ ತಣ್ಣಗಿತ್ತು. ಹೊರಗೆ ಹುಲ್ಲಿನ ಮೇಲೆ ಬೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಒಳಗೆ ಮಗಳು ಸ್ವೆಟರ್ ಮೇಲೆ ಇನ್ನೊಂದು ಸ್ವೆಟರ್ ಹಾಕಿಕೊಂಡು ಹೋಂವರ್ಕ್ ಮಾಡುತ್ತಿದ್ದಳು.

ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. 1970ರ ದಶಕದಲ್ಲಿ ಕಟ್ಟಿದ ಮನೆ, ನಾವು ಕೊಂಡಿದ್ದು 2019ರಲ್ಲಿ. ಇಲ್ಲಿನ ಮನೆ ಬಿಸಿ ಮಾಡುವ ವ್ಯವಸ್ಥೆ ನಮ್ಮೂರಿನವರಿಗೆ ಹೊಸದು, ಅದಕ್ಕೇ ಸ್ವಲ್ಪ ಹೇಳಿಬಿಡುತ್ತೇನೆ. ಅಡುಗೆಮನೆಯಲ್ಲಿ ಒಂದು ಗ್ಯಾಸ್ ಬಾಯ್ಲರ್ ಇರುತ್ತದೆ. ಅದು ನೀರನ್ನು ಕಾಯಿಸುತ್ತದೆ, ಒಂದು ಪಂಪ್ ಆ ನೀರನ್ನು ತಾಮ್ರದ ಪೈಪುಗಳಲ್ಲಿ ಎಲ್ಲ ಕೋಣೆಗಳಿಗೂ ತಳ್ಳುತ್ತದೆ. ಪ್ರತಿ ಕೋಣೆಯಲ್ಲೂ ಕಿಟಕಿಯ ಕೆಳಗೆ ಉಕ್ಕಿನ ತಗಡಿನ ರೇಡಿಯೇಟರ್. ನೀರು ಅದರೊಳಗೆ ಸುತ್ತಿ, ಬಿಸಿ ಬಿಟ್ಟುಕೊಟ್ಟು, ವಾಪಸ್ ಬಾಯ್ಲರಿಗೆ ಬರುತ್ತದೆ. ಮತ್ತೆ ಕಾಯುತ್ತದೆ, ಮತ್ತೆ ಹೋಗುತ್ತದೆ. ಆ ನೀರು ನಲ್ಲಿಗೆ ಬರುವುದೇ ಇಲ್ಲ. ನಮ್ಮ ಮನೆಯಲ್ಲಿ ಒಂಬತ್ತು ರೇಡಿಯೇಟರ್, ಎಲ್ಲ ಸೇರಿ ಸುಮಾರು ನೂರು ಲೀಟರ್ ನೀರು. ಅದೇ ನೂರು ಲೀಟರ್ ವರ್ಷಗಟ್ಟಲೆ ಗಿರಕಿ ಹೊಡೆಯುತ್ತಿರುತ್ತದೆ.

ನನಗೆ ಆಗ ಇದು ಸರಿಯಾಗಿ ಗೊತ್ತಿರಲಿಲ್ಲ. ನಾನು ಬೆಳೆದಿದ್ದು ಮಂಡ್ಯದ ಹತ್ತಿರದ ಹಳ್ಳಿಯಲ್ಲಿ. ಬಚ್ಚಲಲ್ಲಿ ತಾಮ್ರದ ಹಂಡೆ, ಕೆಳಗೆ ತೆಂಗಿನ ಗರಿಯ ಉರಿ. ಬೆಳಿಗ್ಗೆ ಹಳೇ ನೀರು ಚೆಲ್ಲಿ ಹೊಸ ನೀರು ತುಂಬುವುದು ಅವ್ವನ ಮೊದಲ ಕೆಲಸ. ನಿಂತ ನೀರು ಕೆಟ್ಟ ನೀರು ಅನ್ನುವುದು ನಮ್ಮ ಮೈಯಲ್ಲೇ ಬಂದಿರುತ್ತದೆ, ಅಲ್ವಾ? ಹಾಗಾಗಿ ಬಾಯ್ಲರಿನಲ್ಲಿ ನೀರಿನ ಒತ್ತಡ ತೋರಿಸುವ ಗೇಜ್ ಮುಳ್ಳು ಕೆಳಗಿಳಿದಾಗಲೆಲ್ಲ ನಾನು ಖುಷಿಯಿಂದಲೇ ಹೊಸ ನೀರು ಬಿಡುತ್ತಿದ್ದೆ.

ಪದ್ಧತಿ ಹೀಗಿತ್ತು. ವಾರಕ್ಕೊಮ್ಮೆ ಯಾವುದೋ ರೇಡಿಯೇಟರ್ ಒಳಗೆ ಗುಳುಗುಳು ಸದ್ದು ಬರುತ್ತಿತ್ತು. ಸಣ್ಣ ಕೀಲಿ ಹಾಕಿ ಅದರ ಮೇಲ್ತುದಿಯ ತಿರುಪು ಸಡಿಲಿಸಿದರೆ ಬುಸ್ ಅಂತ ಗಾಳಿ ಬರುತ್ತಿತ್ತು, ಕೊನೆಗೆ ಎರಡು ಹನಿ ಕಪ್ಪು ನೀರು. ಗಾಳಿ ಹೋದ ಮೇಲೆ ಗೇಜ್ ಒಂದೂವರೆ ಬಾರ್‌ನಿಂದ ಒಂದು ಬಾರ್‌ಗೆ ಇಳಿದಿರುತ್ತಿತ್ತು, ಬಾರ್ ಅಂದರೆ ಒತ್ತಡದ ಅಳತೆ. ಬಾಯ್ಲರ್ ಕೆಳಗಿನ ತಿರುಪು ತಿರುಗಿಸಿ ನಲ್ಲಿ ನೀರು ಬಿಟ್ಟರೆ ಮುಳ್ಳು ಮತ್ತೆ ಮೇಲೆ. ಮೂರು ಚಳಿಗಾಲ ಹೀಗೇ ಕಳೆಯಿತು. 2022ರ ಚಳಿಗಾಲದಲ್ಲಿ ಇನ್ನೊಂದು ತೊಂದರೆ ಸೇರಿಕೊಂಡಿತು. ಸ್ನಾನ ಮಾಡುವಾಗ ನೀರು ಬಿಸಿ ಬರುತ್ತದೆ, ಅರ್ಧ ನಿಮಿಷಕ್ಕೆ ತಣ್ಣಗಾಗುತ್ತದೆ, ಮತ್ತೆ ಬಿಸಿ.

ಮೊದಲು ಬಂದ ಪ್ಲಂಬರ್ ಹತ್ತು ನಿಮಿಷ ನೋಡಿದರು. ಬಾಯ್ಲರ್ ಬದಲಿಸಿ, 2,500 ಪೌಂಡ್ ಆಗುತ್ತದೆ ಅಂದರು. ನೀರನ್ನು ಮುಟ್ಟಿಯೂ ನೋಡಲಿಲ್ಲ. ಬಾಯ್ಲರಿಗೆ ಆಗಿದ್ದದ್ದು ಏಳು ವರ್ಷ. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಪ್ಪ ಮೂವತ್ತು ವರ್ಷ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಅಟೆಂಡೆಂಟ್ ಆಗಿದ್ದವರು. ಅಲ್ಲಿನ ಬಾಯ್ಲರ್ ಎರಡು ಅಂತಸ್ತಿನ ಮನೆಯಷ್ಟು ದೊಡ್ಡದು, ಕಬ್ಬಿನ ಸಿಪ್ಪೆ ಉರಿಸಿ ಹಬೆ ಮಾಡುವಂಥದ್ದು. ನಮ್ಮ ಅಡುಗೆಮನೆಯ ಪೆಟ್ಟಿಗೆ ನೋಡಿ ಏನು ಹೇಳಿಯಾರು ಅಂದುಕೊಂಡಿದ್ದೆ. ಅವರು ಪೆಟ್ಟಿಗೆ ನೋಡಲೇ ಇಲ್ಲ.

"ಒಂದು ಬಿಳೀ ಲೋಟಕ್ಕೆ ಆ ನೀರು ಹಿಡ್ದು ತೋರ್ಸವ್ವ," ಅಂದರು.

ಕೆಳಗಿನ ಡ್ರೈನ್ ತಿರುಪಿನಿಂದ ಒಂದು ಲೋಟ ಹಿಡಿದೆ. ಕಾಡಿಗೆ ಕರಗಿಸಿದ ಹಾಗಿತ್ತು. ಹತ್ತು ನಿಮಿಷ ಬಿಟ್ಟರೆ ತಳದಲ್ಲಿ ಒಂದು ಬೆರಳು ಕಪ್ಪು ಕೆಸರು ಕೂತಿತು. ಫ್ರಿಜ್ ಬಾಗಿಲಿನ ಆಯಸ್ಕಾಂತ ತೆಗೆದು ಲೋಟದ ಹೊರಗಿನಿಂದ ಹಿಡಿದೆ. ಕೆಸರು ಎದ್ದು ಅದರ ಹಿಂದೆಯೇ ಹೊರಟಿತು. ಆಯಸ್ಕಾಂತ ಎತ್ತ ಹೋದರೆ ಅತ್ತ. ಮಗಳು ಬೆರಗಾಗಿ ನೋಡುತ್ತಿದ್ದಳು.

"ಅದು ಮಣ್ಣಲ್ಲ ಕಣವ್ವ. ಅದು ನಿನ್ನ ರೇಡಿಯೇಟರೇ. ಒಳಗಿಂದ ಕರಗಿ ಬತ್ತಾ ಅದೆ."

ಈ ಕಪ್ಪು ಪುಡಿಗೆ ಮ್ಯಾಗ್ನೆಟೈಟ್ ಅನ್ನುತ್ತಾರೆ. ಇದೂ ತುಕ್ಕೇ, ಆದರೆ ನಾವು ಗೇಟಿನ ಮೇಲೆ ನೋಡುವ ಕೆಂಪು ತುಕ್ಕಲ್ಲ. ಗಾಳಿ ಧಾರಾಳವಾಗಿ ಸಿಕ್ಕರೆ ಕಬ್ಬಿಣ ಕೆಂಪಾಗುತ್ತದೆ. ಮುಚ್ಚಿದ ಪೈಪಿನಲ್ಲಿ ಆಮ್ಲಜನಕ ಕಡಿಮೆ, ಅಲ್ಲಿ ಕಪ್ಪಾಗುತ್ತದೆ. ಹೀಗೆ ಕಪ್ಪು ತುಕ್ಕು ಹುಟ್ಟುವಾಗ ಜಲಜನಕ ಬಿಡುಗಡೆಯಾಗುತ್ತದೆ. ನಾನು ವಾರಕ್ಕೊಮ್ಮೆ ಬುಸ್ ಅಂತ ಬಿಡುತ್ತಿದ್ದದ್ದು ಗಾಳಿಯಲ್ಲ, ಬಹುಪಾಲು ಈ ಜಲಜನಕ. ಅದು ಹೊತ್ತಿಕೊಳ್ಳುವ ಅನಿಲ. ಆ ತಿರುಪಿನ ಹತ್ತಿರ ಮೇಣದಬತ್ತಿಯನ್ನೋ ಲೈಟರನ್ನೋ ಯಾವತ್ತೂ ಹಿಡಿಯಬೇಡಿ. ಪದೇ ಪದೇ ರೇಡಿಯೇಟರಿನ ಮೇಲ್ಭಾಗ ತಣ್ಣಗಾಗಿ ಗಾಳಿ ಬಿಡಬೇಕಾಗಿ ಬರುತ್ತಿದೆ ಅಂದರೆ ಒಳಗೆ ತುಕ್ಕು ನಡೆಯುತ್ತಿರಬಹುದು ಅಂತ ಅನುಮಾನಿಸಿ. ಕೆಳಭಾಗ ತಣ್ಣಗಿದ್ದರೆ ಕೆಸರು ಆಗಲೇ ಕೂತಿದೆ ಅಂತ.

ಆಮೇಲೆ ಅಪ್ಪ ಕೇಳಿದರು, "ಎಷ್ಟು ದಿನಕ್ಕೊಂದ್ಸಲ ಹೊಸ ನೀರು ಬುಡ್ತೀಯ?"

ವಾರಕ್ಕೊಮ್ಮೆ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಒಂದು ಸಲಕ್ಕೆ ಎಷ್ಟು ನೀರು ಹೋಯ್ತದೆ, ಅಳ್ದು ನೋಡು."

ಅಳೆಯುವುದು ಹೇಗೆ? ಮುಳ್ಳನ್ನು ಒಂದೂವರೆಗೆ ತಂದು, ಡ್ರೈನ್ ತಿರುಪಿನಿಂದ ಒಂದು ಬಾರ್‌ಗೆ ಇಳಿಯುವ ತನಕ ಜಗ್‌ಗೆ ಹಿಡಿದೆ. ಒಂದೂವರೆ ಲೀಟರ್. ಅಪ್ಪ ಲೆಕ್ಕ ಹಾಕಿದರು. ಒಂದು ಚಳಿಗಾಲಕ್ಕೆ ಇಪ್ಪತ್ತೆಂಟು ವಾರ ಅಂದರೆ ನಲವತ್ತೆರಡು ಲೀಟರ್. ಮೂರು ಚಳಿಗಾಲಕ್ಕೆ ನೂರ ಇಪ್ಪತ್ತಾರು. ಇಡೀ ಮನೆಯಲ್ಲಿ ಇರುವುದೇ ನೂರು ಲೀಟರ್.

"ಹೊಸ ನೀರು ಬಿಡಬೇಡ ಕಣವ್ವ," ಅಂದರು. "ಹೊಸ ನೀರಲ್ಲೇ ಇರೋದು ವಿಷ."

ಕಾರ್ಖಾನೆಯಲ್ಲಿ ಬಾಯ್ಲರಿಗೆ ಹೋಗುವ ನೀರನ್ನು ಮೊದಲು ಡಿಎರೇಟರ್‌ಗೆ ಬಿಡುತ್ತಿದ್ದರಂತೆ. ಅಲ್ಲಿ ಹಬೆ ಹಾಯಿಸಿ ನೀರಿನಲ್ಲಿ ಕರಗಿರುವ ಆಮ್ಲಜನಕ ಓಡಿಸುತ್ತಾರೆ. ಆಮೇಲೂ ಉಳಿದದ್ದಕ್ಕೆ ಸೋಡಿಯಂ ಸಲ್ಫೈಟ್ ಹಾಕುತ್ತಾರೆ. ನನಗೆ ಅಪ್ಪನ ಕೆಲಸದ ಬಗ್ಗೆ ಬೆಂಕಿ, ಹಬೆ, ಬೂದಿ ಇಷ್ಟೇ ನೆನಪಿತ್ತು. ಅವರ ದಿನದ ಅರ್ಧ ನೀರು ಪರೀಕ್ಷೆ ಮಾಡುವುದರಲ್ಲಿ ಹೋಗುತ್ತಿತ್ತು ಅನ್ನುವುದು ನನಗೆ ಗೊತ್ತಾಗಿದ್ದು ಆವತ್ತೇ.

ತಣ್ಣೀರಿನಲ್ಲಿ ಲೀಟರಿಗೆ ಸುಮಾರು 10 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ನೂರು ಲೀಟರಿಗೆ ಒಂದು ಗ್ರಾಂ. ಆ ಒಂದು ಗ್ರಾಂ ಎರಡೂವರೆ ಗ್ರಾಂ ಕಬ್ಬಿಣ ತಿನ್ನುತ್ತದೆ, ಅಲ್ಲಿಗೆ ಅದರ ಆಟ ಮುಗಿಯಿತು. ಒಮ್ಮೆ ತುಂಬಿ ಹಾಗೇ ಬಿಟ್ಟ ನೀರು ಕೆಲವೇ ದಿನಗಳಲ್ಲಿ ಆಮ್ಲಜನಕ ಕಳೆದುಕೊಂಡು ಸುಮ್ಮನಾಗುತ್ತದೆ. ಹಳೇ ನೀರು ನೋಡಲು ಚೆಂದ ಇಲ್ಲದಿದ್ದರೂ ಕಬ್ಬಿಣಕ್ಕೆ ಅದು ಶತ್ರುವಲ್ಲ. ಪ್ರತಿ ಸಲ ಹೊಸ ನೀರು ಬಿಟ್ಟಾಗ ಹೊಸ ಆಮ್ಲಜನಕ ಒಳಗೆ ಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಬಾಯ್ಲರ್ ಕೂರಿಸುವಾಗ ನೀರಿಗೆ ಇನ್ಹಿಬಿಟರ್ ಅನ್ನುವ ರಾಸಾಯನಿಕ ಹಾಕಿರುತ್ತಾರೆ. ಅದು ಲೋಹದ ಒಳಮೈಗೆ ತೆಳ್ಳಗೆ ಪದರ ಕಟ್ಟಿ ಕಾಪಾಡುತ್ತದೆ. ಸೋರುವ ಪ್ರತಿ ಲೀಟರಿನ ಜೊತೆ ಅದೂ ಸೋರುತ್ತದೆ. ನಾನು ತುಂಬುತ್ತಿದ್ದದ್ದು ಬರೀ ನಲ್ಲಿ ನೀರು. ಮೂರು ವರ್ಷದಲ್ಲಿ ಮನೆಗೆ ಇದ್ದ ರಕ್ಷಣೆಯನ್ನು ನಾನೇ ತೊಳೆದು ಹಾಕಿದ್ದೆ. ಇದು ತಿಳಿದಾಗ ನನಗೆ ನಿಜವಾಗಿಯೂ ಸಂಕಟವಾಯಿತು.

ಹಾಗಾದರೆ ಮೊದಲ ಕೆಲಸ ಔಷಧಿ ಹಾಕುವುದಲ್ಲ, ಸೋರಿಕೆ ಹುಡುಕುವುದು. ಬಾಯ್ಲರಿನಿಂದ ಹೊರಗೋಡೆಗೆ ಒಂದು ಸಣ್ಣ ತಾಮ್ರದ ಪೈಪ್ ಬಂದಿರುತ್ತದೆ. ಒಳಗೆ ಒತ್ತಡ 3 ಬಾರ್ ದಾಟಿದರೆ ನೀರು ಅಲ್ಲಿಂದ ಹೊರಗೆ ಬೀಳಲಿ ಅಂತ. ಅದರ ತುದಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಎರಡು ರಾತ್ರಿ ಬಿಟ್ಟೆ. ಚೀಲ ಒಣಗಿಯೇ ಇತ್ತು. ನೀರು ಅಲ್ಲಿಂದ ಹೋಗುತ್ತಿಲ್ಲ. ಆಮೇಲೆ ಒಂಬತ್ತು ರೇಡಿಯೇಟರಿನ ಹದಿನೆಂಟು ವಾಲ್ವ್‌ಗಳಿಗೂ ಟಿಶ್ಯೂ ಕಾಗದ ಸುತ್ತಿದೆ. ಬೆಳಿಗ್ಗೆ ಬಚ್ಚಲುಮನೆಯ ಟವೆಲ್ ಒಣಗಿಸುವ ರೇಡಿಯೇಟರಿನ ವಾಲ್ವ್ ಹತ್ತಿರ ಕಾಗದ ನೆನೆದಿತ್ತು. ಬಗ್ಗಿ ನೋಡಿದರೆ ನಟ್ಟಿನ ಸುತ್ತ ಹಸಿರು ಬಿಳಿ ಕಲೆತ ಪುಡಿ ಗಟ್ಟಿಯಾಗಿ ಕೂತಿದೆ. ಬಿಸಿ ಮೈಗೆ ಬಂದ ಹನಿ ಅಲ್ಲೇ ಆರಿಹೋಗುತ್ತಿತ್ತು. ನೆಲಕ್ಕೆ ಬಿದ್ದೇ ಇರಲಿಲ್ಲ, ಅದಕ್ಕೇ ಮೂರು ವರ್ಷ ಕಣ್ಣಿಗೆ ಬಿದ್ದಿರಲಿಲ್ಲ.

ಎರಡನೇ ಇಂಜಿನಿಯರನ್ನು ಪಕ್ಕದ ಮನೆಯವರು ಹೇಳಿ ಕಳಿಸಿದರು. ಇಲ್ಲಿ ಗ್ಯಾಸ್ ಕೆಲಸ ಮಾಡುವವರು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರು ನೋಂದಾಯಿಸಿರಲೇಬೇಕು, ಕಾರ್ಡ್ ಕೇಳಿ ನೋಡಬಹುದು. ಅವರು ಬಂದವರೇ ನನ್ನ ಲೋಟ ನೋಡಿ ತಲೆಯಾಡಿಸಿದರು. ಸ್ನಾನದ ನೀರು ಬಿಸಿ ತಣ್ಣಗೆ ಆಗುವುದಕ್ಕೂ ಇದೇ ಕಾರಣ ಅಂದರು. ಬಾಯ್ಲರ್ ಒಳಗೆ ನಲ್ಲಿ ನೀರಿಗೆ ಬಿಸಿ ಕೊಡುವ ತಗಡುಗಳ ಕಟ್ಟು ಇರುತ್ತದೆ, ಅದರ ಸಂದುಗಳು ತುಂಬ ಕಿರಿದು. ಕಪ್ಪು ಕೆಸರು ಅಲ್ಲಿ ಕಟ್ಟಿಕೊಂಡಿದೆ. ಈಗಿನ ಪಂಪುಗಳಲ್ಲೂ ಆಯಸ್ಕಾಂತ ಇರುವುದರಿಂದ ಮ್ಯಾಗ್ನೆಟೈಟ್ ಹೋಗಿ ಅದಕ್ಕೂ ಅಂಟುತ್ತದೆ.

ಬಾಯ್ಲರ್ ಬದಲಿಸಿದ್ದರೆ ಏನಾಗುತ್ತಿತ್ತು? ಹೊಸ ಬಾಯ್ಲರಿಗೆ ಅದೇ ಕೆಸರು ನೀರು ಹೋಗುತ್ತಿತ್ತು.

ಅವರು ಮಾಡಿದ ಯೋಜನೆ ನನಗೆ ಹಿಡಿಸಿತು. ಮೊದಲು ವಾಲ್ವ್ ನಟ್ ಬಿಚ್ಚಿ, ಬಿಳಿ ಟೇಪ್ ಸುತ್ತಿ ಬಿಗಿ ಮಾಡಿದರು. ಅದಕ್ಕೆ ಐದು ನಿಮಿಷ. ಆಮೇಲೆ ಕೆಸರು ಸಡಿಲಿಸುವ ಕ್ಲೀನರ್ ಒಂದು ಬಾಟಲಿ ನೀರಿಗೆ ಸೇರಿಸಿ, ಒಂದು ವಾರ ಹೀಟಿಂಗ್ ಮಾಮೂಲಿನಂತೆ ಓಡಿಸಿ ಅಂದರು. ಆ ವಾರ ಪೂರ್ತಿ ಪೈಪುಗಳಲ್ಲಿ ಸಣ್ಣ ಸಣ್ಣ ಸದ್ದು. ಮುಂದಿನ ಶನಿವಾರ ತೊಳೆಯುವ ಕೆಲಸ.

ಹಣ ಉಳಿಸಲು ನಡುಮನೆಯ ರೇಡಿಯೇಟರನ್ನು ಬಿಚ್ಚಿ ತೊಳೆಯುವುದು ನಾವೇ ಮಾಡಿದೆವು. ಹೀಟಿಂಗ್ ಆರಿಸಿ, ಎಲ್ಲ ಪೂರ್ತಿ ತಣ್ಣಗಾದ ಮೇಲೆ ಎರಡೂ ಬದಿಯ ವಾಲ್ವ್ ಮುಚ್ಚಬೇಕು. ಒಂದು ಬದಿಯದು ಕೈಯಲ್ಲಿ ತಿರುಗುತ್ತದೆ. ಇನ್ನೊಂದನ್ನು ಸ್ಪ್ಯಾನರ್‌ನಲ್ಲಿ ಮುಚ್ಚುವಾಗ ಎಷ್ಟು ಸುತ್ತು ಅಂತ ಎಣಿಸಿ ಬರೆದಿಟ್ಟುಕೊಳ್ಳಬೇಕು. ಆಮೇಲೆ ಅಷ್ಟೇ ಸುತ್ತು ತೆರೆಯದಿದ್ದರೆ ಬೇರೆ ಕೋಣೆಗಳಿಗೆ ಬಿಸಿ ಹಂಚಿಕೆ ಹೆಚ್ಚುಕಮ್ಮಿ ಆಗುತ್ತದೆ. ನಮ್ಮದು ಒಂದೂಮುಕ್ಕಾಲು ಸುತ್ತು. ಕಾರ್ಪೆಟ್ ಮೇಲೆ ಹಳೇ ಬೆಡ್‌ಶೀಟು, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ರೊಟ್ಟಿ ಬೇಯಿಸುವ ಓವನ್ ತಟ್ಟೆ. ನಟ್ ಸಡಿಲಿಸಿದ ತಕ್ಷಣ ಇದ್ದಿಲು ಕಲಸಿದ ಹಾಗೆ ನೀರು. ಈ ಕಲೆ ಕಾರ್ಪೆಟ್ಟಿಗೆ ತಾಗಿದರೆ ಹೋಗುವುದಿಲ್ಲ, ಬೆಡ್‌ಶೀಟು ಜಾಸ್ತಿಯೇ ಹಾಕಿ.

ರೇಡಿಯೇಟರನ್ನು ಗೋಡೆಯಿಂದ ಎತ್ತುವಾಗ ನಮ್ಮನೆಯವರಿಗೆ ಅದರ ಭಾರಕ್ಕೆ ಆಶ್ಚರ್ಯವಾಯಿತು. ತೂತುಗಳಿಗೆ ಬಟ್ಟೆ ತುರುಕಿ ಇಬ್ಬರೂ ಹಿತ್ತಿಲಿಗೆ ಒಯ್ದೆವು. ಹೋಸ್ ಪೈಪ್ ಹಚ್ಚಿ, ರಬ್ಬರ್ ಸುತ್ತಿಗೆಯಿಂದ ತಟ್ಟುತ್ತಾ ತೊಳೆದರೆ ಗಟ್ಟಿ ಮೊಸರಿನಂತೆ ಕಪ್ಪು ಕೆಸರು ಬಂತು. ಇಪ್ಪತ್ತು ನಿಮಿಷ ಬಂತು. ಆ ನೀರನ್ನು ಹುಲ್ಲಿಗೂ ಬಿಡಲಿಲ್ಲ, ರಸ್ತೆ ಬದಿಯ ಮಳೆನೀರಿನ ಚರಂಡಿಗೂ ಬಿಡಲಿಲ್ಲ. ಇಲ್ಲಿ ಮಳೆನೀರಿನ ಚರಂಡಿ ಎಷ್ಟೋ ಕಡೆ ನೇರ ಹೊಳೆಗೆ ಹೋಗುತ್ತದೆ. ದೊಡ್ಡ ಟಬ್‌ನಲ್ಲಿ ಹಿಡಿದು ಬಕೆಟ್ ಬಕೆಟ್ ಟಾಯ್ಲೆಟ್ಟಿಗೆ ಸುರಿದೆವು. ಅಪ್ಪ ವಿಡಿಯೋದಲ್ಲಿ ಪೂರಾ ನೋಡುತ್ತಿದ್ದರು. ಅಲ್ಲಿ ರಾತ್ರಿ ಹತ್ತಾಗಿತ್ತು. ಮಲಗಿ ಅಪ್ಪ ಅಂದರೂ ಮಲಗಲಿಲ್ಲ. "ಇನ್ನೂ ತಟ್ಟು, ಆ ಮೂಲೇಲಿ ಇನ್ನೂ ಅದೆ."

ಉಳಿದ ಎಂಟನ್ನು ಇಂಜಿನಿಯರ್ ಬಿಚ್ಚದೆಯೇ, ಒಂದೊಂದಕ್ಕೇ ನೀರು ಹಾಯಿಸಿ ತೊಳೆದರು. ಕೊನೆಗೆ ಒಂದು ಪೆನ್ನಿನಂಥ ಮೀಟರ್ ತೆಗೆದರು. ನೀರಿನಲ್ಲಿ ಎಷ್ಟು ಪದಾರ್ಥ ಕರಗಿದೆ ಅಂತ ಹೇಳುವ ಮೀಟರ್, ನಮ್ಮೂರಲ್ಲಿ ಆರ್‌ಒ ಫಿಲ್ಟರ್ ಮಾರಲು ಬರುವವರು ತರುತ್ತಾರಲ್ಲ, ಅದೇ. ನಲ್ಲಿ ನೀರಿನ ಅಂಕಿಗೂ ರೇಡಿಯೇಟರಿಂದ ಬರುವ ನೀರಿನ ಅಂಕಿಗೂ ವ್ಯತ್ಯಾಸ ನೂರಕ್ಕೆ ಹತ್ತರೊಳಗೆ ಬರುವ ತನಕ ತೊಳೆದರು. ಕ್ಲೀನರ್ ಒಳಗೆ ಉಳಿಯಬಾರದು. ಉಳಿದರೆ ಅದೇ ಲೋಹ ತಿನ್ನಬಹುದು, ಇನ್ಹಿಬಿಟರನ್ನೂ ಕೆಡಿಸಬಹುದು.

ಆಮೇಲೆ ಬಾಯ್ಲರಿಗೆ ವಾಪಸ್ ಬರುವ ಪೈಪನ್ನು ಕತ್ತರಿಸಿ ಅಲ್ಲಿ ಆಯಸ್ಕಾಂತದ ಫಿಲ್ಟರ್ ಕೂರಿಸಿದರು. ಒಂದು ದಪ್ಪ ಲೋಟದಂಥ ಡಬ್ಬಿ, ಒಳಗೆ ಬಲವಾದ ಆಯಸ್ಕಾಂತ. ಈಗ ಬ್ರಿಟನ್ನಿನ ಮಾನದಂಡ ಬಿಎಸ್ 7593 ಇದನ್ನು ಕೇಳುತ್ತದೆ. 2019ರಲ್ಲಿ ಅದನ್ನು ಪರಿಷ್ಕರಿಸಿದಾಗ ಶಾಶ್ವತ ಫಿಲ್ಟರ್ ಇರಬೇಕು, ವರ್ಷಕ್ಕೊಮ್ಮೆ ಇನ್ಹಿಬಿಟರ್ ಮಟ್ಟ ನೋಡಬೇಕು, ಐದು ವರ್ಷಕ್ಕೊಮ್ಮೆ ಹೊಸದಾಗಿ ಹಾಕಬೇಕು ಇಲ್ಲವೇ ನೀರಿನ ಪೂರ್ತಿ ಪರೀಕ್ಷೆ ಮಾಡಿಸಬೇಕು ಅಂತ ಸೇರಿಸಿದರು. ನಮ್ಮ ಬಾಯ್ಲರ್ ಅದಕ್ಕೂ ಮೊದಲಿನದು.

ಇನ್ಹಿಬಿಟರ್ ಹಾಕುವ ಮುಂಚೆ ನಾನು ಒಂದು ದಿನ ತಡೆಯಿರಿ ಅಂದೆ. ಕಾರಣ, ಕಿಟಕಿಯ ಕಟ್ಟೆಯ ಮೇಲೆ ಕೆಲವು ದಿನ ಮೊದಲೇ ಇಟ್ಟಿದ್ದ ಮೂರು ಜಾಮ್ ಬಾಟಲಿಗಳಿದ್ದವು. ಅಪ್ಪನ ಸಲಹೆ ಅದು. ಒಂದರಲ್ಲಿ ನಲ್ಲಿ ನೀರು. ಒಂದರಲ್ಲಿ ತೊಳೆಯುವ ಮುಂಚಿನ ರೇಡಿಯೇಟರ್ ನೀರು. ಮೂರನೆಯದರಲ್ಲಿ ನಲ್ಲಿ ನೀರಿಗೆ ಬಾಟಲಿಯ ಮೇಲೆ ಬರೆದ ಲೆಕ್ಕದಂತೆ ಲೀಟರಿಗೆ ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ಇನ್ಹಿಬಿಟರ್. ಮೂರಕ್ಕೂ ಉಜ್ಜಿ ಹೊಳಪು ಮಾಡಿದ ಒಂದೊಂದು ಮೊಳೆ. ನಲ್ಲಿ ನೀರಿನ ಮೊಳೆ ಮಾರನೇ ದಿನಕ್ಕೇ ಕೆಂಪಾಯಿತು. ರೇಡಿಯೇಟರ್ ನೀರಿನದು ನಾಲ್ಕನೇ ದಿನ. ಇನ್ಹಿಬಿಟರ್ ನೀರಿನ ಮೊಳೆ ಹತ್ತನೇ ದಿನಕ್ಕೂ ಅಂಗಡಿಯಿಂದ ತಂದಂತೆ ಹೊಳೆಯುತ್ತಿತ್ತು. ಬಾಟಲಿಯ ಮೇಲಿನ ಮಾತು ನಂಬುವುದು ಬೇರೆ, ಕಣ್ಣಾರೆ ನೋಡುವುದು ಬೇರೆ. ನೀವೂ ಮಾಡಿ ನೋಡಿ, ಖರ್ಚೇನೂ ಇಲ್ಲ.

ಹಾಕುವುದು ಸುಲಭ. ಫಿಲ್ಟರಿನ ಎರಡೂ ಬದಿಯ ವಾಲ್ವ್ ಮುಚ್ಚಿ, ಮುಚ್ಚಳ ತೆಗೆದು, ಅರ್ಧ ಲೀಟರ್ ಸುರಿದು, ಮುಚ್ಚಿ, ವಾಲ್ವ್ ತೆರೆಯುವುದು. ಎಲ್ಲ ರೇಡಿಯೇಟರ್ ತೆರೆದು ನಾಲ್ಕು ಗಂಟೆ ಓಡಿಸಿದೆವು, ನೀರೆಲ್ಲ ಬೆರೆಯಲಿ ಅಂತ. ಗೇಜ್ ತಣ್ಣಗಿದ್ದಾಗ 1.25ಕ್ಕೆ ನಿಲ್ಲಿಸಿದರು. ತಾರೀಖು ಬರೆದ ಚೀಟಿ ಬಾಯ್ಲರ್ ಮೇಲೆ ಅಂಟಿಸಿದರು. ಕೈಪಿಡಿಯ ಕೊನೆಯ ಪುಟದಲ್ಲೂ ಯಾವುದು, ಎಷ್ಟು ಅಂತ ಬರೆದು ಸಹಿ ಮಾಡಿದರು. ಫಿಲ್ಟರ್, ಕ್ಲೀನರ್, ಇನ್ಹಿಬಿಟರ್, ಒಂದೂವರೆ ದಿನದ ಕೂಲಿ ಎಲ್ಲ ಸೇರಿ 480 ಪೌಂಡ್.

ಈ ನಡುವೆ ಎರಡು ಗೊಂದಲ ಬಂತು. ಒಂದು, ಗಡಸು ನೀರಿನದು. ರೆಡಿಂಗ್ ನೀರು ಸುಣ್ಣಕಲ್ಲಿನ ನೆಲದಿಂದ ಬರುವುದು, ನಮ್ಮ ಬೋರ್‌ವೆಲ್ ನೀರಿನ ಹಾಗೇ ಗಡಸು. ಕೆಟಲ್‌ನಲ್ಲಿ ಬಿಳೀ ಪದರ ಕಟ್ಟುತ್ತದೆ. ಗಡಸು ನೀರನ್ನು ಮೆದುವಾಗಿಸುವ ಉಪ್ಪಿನ ಸಾಫ್ಟನರ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ಆದರೆ ಸುಣ್ಣದ ಪದರ ಬೇರೆ, ತುಕ್ಕು ಬೇರೆ. ನಲ್ಲಿಯ ಕಡೆಗೆ ದಿನಾ ಹೊಸ ನೀರು, ಅಲ್ಲಿ ಸುಣ್ಣ ಬೆಳೆಯುತ್ತಲೇ ಹೋಗುತ್ತದೆ. ರೇಡಿಯೇಟರ್ ಕಡೆ ಅದೇ ನೂರು ಲೀಟರ್. ಅದರಲ್ಲಿರುವ ಸುಣ್ಣ ಒಂದೇ ಸಲ ಕೂರುತ್ತದೆ, ಮುಗಿಯಿತು. ಇನ್ನು ಬಾಯ್ಲರಿನಲ್ಲಿ ಅಲ್ಯೂಮಿನಿಯಂ ಭಾಗ ಇದ್ದರೆ ಸಾಫ್ಟನರ್ ನೀರು ಅದಕ್ಕೆ ಒಗ್ಗದೇ ಇರಬಹುದು, ಕೆಲವು ಕಂಪನಿಗಳು ಬೇಡ ಅಂತಲೇ ಕೈಪಿಡಿಯಲ್ಲಿ ಬರೆಯುತ್ತವೆ. ಹಾಕಿಸುವವರು ಮೊದಲು ಅದನ್ನು ಓದಿ.

ಇನ್ನೊಂದು, ಸ್ಟುಟ್‌ಗಾರ್ಟ್‌ನಲ್ಲಿರುವ ಗೆಳತಿಯ ಮಾತು. ಅವಳು ಹಾಸನದವಳು, ಅಲ್ಲಿ ಮನೆ ಕಟ್ಟಿಸಿದ್ದಾಳೆ. "ನಮ್ಮಲ್ಲಿ ಯಾರೂ ಕೆಮಿಕಲ್ ಹಾಕಲ್ಲ ಕಣೇ, ಲವಣ ತೆಗೆದ ನೀರೇ ತುಂಬ್ತಾರೆ," ಅಂದಳು. ಅದರಲ್ಲೂ ನಿಜ ಇದೆ. ಜರ್ಮನಿಯ ವಿಡಿಐ 2035 ಮಾರ್ಗಸೂಚಿ ನೀರಿನ ಗುಣ ಸರಿ ಮಾಡುವುದಕ್ಕೆ ಒತ್ತು ಕೊಡುತ್ತದೆ. ಲವಣ ಕಡಿಮೆ ಇದ್ದರೆ ನೀರಿನಲ್ಲಿ ವಿದ್ಯುತ್ ಹರಿಯುವುದು ಕಷ್ಟ, ಆಗ ತುಕ್ಕೂ ನಿಧಾನ. ನೀರಿನ ಆಮ್ಲ-ಕ್ಷಾರ ಗುಣ ಹೇಳುವ ಪಿಎಚ್ 8.2ರಿಂದ 10ರೊಳಗೆ, ಅಲ್ಯೂಮಿನಿಯಂ ಇದ್ದರೆ 9 ದಾಟಬಾರದು. ಎರಡು ದೇಶ, ಎರಡು ದಾರಿ. ಆದರೆ ಎರಡೂ ಕಡೆ ಮೊದಲ ಮಾತು ಒಂದೇ, ಆಮ್ಲಜನಕ ಒಳಗೆ ಬಿಡಬೇಡಿ. ನಮ್ಮಂಥ ಹಳೇ ಮನೆಯಲ್ಲಿ, ಕೆಸರಿನ ಚರಿತ್ರೆ ಇರುವ ಪೈಪುಗಳಲ್ಲಿ, ನನಗೆ ಇನ್ಹಿಬಿಟರ್ ದಾರಿಯೇ ಸರಿ ಅನ್ನಿಸಿತು.

ಒಂದು ತಿಂಗಳ ಮೇಲೆ ಫಿಲ್ಟರ್ ತೆರೆದಾಗ ಆಯಸ್ಕಾಂತದ ಸುತ್ತ ಬೆರಳು ದಪ್ಪ ಕಪ್ಪು ಕಟ್ಟಿತ್ತು. ಪೈಪುಗಳ ಮೂಲೆಗಳಲ್ಲಿ ಉಳಿದಿದ್ದದ್ದೆಲ್ಲ ಬಂದು ಸೇರಿತ್ತು. ಮೂರು ತಿಂಗಳಿಗೆ ಒಂದು ಚಮಚದಷ್ಟು. ಮುಂದಿನ ವರ್ಷ ಬೆರಳಿಗೆ ಮಸಿ ಅಂಟುವಷ್ಟು ಮಾತ್ರ. ಸ್ನಾನದ ನೀರಿಗಾಗಿ ಆ ತಗಡಿನ ಕಟ್ಟನ್ನು ಬಿಚ್ಚಿ ಬೇರೆ ಹಾಕಬೇಕಾಯಿತು, ಅದು ತೊಳೆದರೂ ಬಿಡಲಿಲ್ಲ. ಬಾಯ್ಲರ್ ಅದೇ ಇದೆ. ನಡುಮನೆಯ ರೇಡಿಯೇಟರ್ ಈಗ ಮೇಲಿಂದ ಕೆಳತನಕ ಒಂದೇ ಸಮ ಬಿಸಿ. ಗಾಳಿ ಬಿಡುವ ಕೀಲಿ ಎಲ್ಲಿಟ್ಟಿದ್ದೇನೆ ಅಂತ ಹುಡುಕಬೇಕು, ಅಷ್ಟು ದಿನವಾಯಿತು.

ಮೂರನೇ ಜಾಮ್ ಬಾಟಲಿ ಇನ್ನೂ ಕಿಟಕಿಯ ಕಟ್ಟೆಯ ಮೇಲಿದೆ. ಮಗಳು ಎಸೆಯಲು ಬಿಡುವುದಿಲ್ಲ. ಅಪ್ಪ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ. ಊಟ ಆಯ್ತಾ ಅಂತ ಕೇಳುವ ಮುಂಚೆಯೇ, "ಮುಳ್ಳು ಎಲ್ಲೈತವ್ವ?" ಅನ್ನುತ್ತಾರೆ.

"ಒಂದೂಕಾಲಲ್ಲೇ ಇದೆ ಅಪ್ಪ."

"ಸರಿ ಬುಡು. ಮುಟ್ಟಬ್ಯಾಡ."